ಬಾಣಲೆಯ ಬೆಂಕಿ, ಗಾಳಿಯ ಕೇಡು

2016ರ ಡಿಸೆಂಬರ್ 22, ಗುರುವಾರ. ಜಪಾನಿನ ಪಶ್ಚಿಮ ಕಡಲ ದಂಡೆಯಲ್ಲಿರುವ ಇತೊಇಗಾವ ಎಂಬ ಊರಿನ ರೈಲು ನಿಲ್ದಾಣದ ಹತ್ತಿರ ಒಂದು ಸಣ್ಣ ಹೋಟೆಲು. ಚೀನೀ ಬಗೆಯ ಅಡುಗೆ ಮಾಡಿ ಬಡಿಸುವ ಹಳೆಯ ಜಾಗ. ಅದರ ಮಾಲೀಕ ಬೆಳಿಗ್ಗೆ ದೊಡ್ಡ ಬಾಣಲೆಯನ್ನು ಒಲೆಯ ಮೇಲಿಟ್ಟು, ಒಲೆ ಆರಿಸುವುದನ್ನು ಮರೆತು ಹೊರಗೆ ಹೋದರು. ಹಿಂದಿರುಗಿ ಬಂದಾಗ ಅಡುಗೆಮನೆ ಹತ್ತಿ ಉರಿಯುತ್ತಿತ್ತು. ಗಂಟೆ ಇನ್ನೂ ಹತ್ತೂವರೆ ಆಗಿರಲಿಲ್ಲ.

ಇಂಥ ಬೆಂಕಿ ಜಗತ್ತಿನ ಎಲ್ಲ ಊರುಗಳಲ್ಲೂ ದಿನನಿತ್ಯ ಬೀಳುತ್ತದೆ. ಒಂದು ಅಂಗಡಿ ಸುಡುತ್ತದೆ, ಹೆಚ್ಚೆಂದರೆ ಪಕ್ಕದ ಮನೆಯ ಮಾಡು ಕರಕಲಾಗುತ್ತದೆ, ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಇತೊಇಗಾವದಲ್ಲಿ ಹಾಗಾಗಲಿಲ್ಲ. ಮರುದಿನ ಸಂಜೆ ನಾಲ್ಕೂವರೆಗೆ ಬೆಂಕಿ ಪೂರ್ತಿ ನಂದಿತೆಂದು ಘೋಷಿಸುವ ಹೊತ್ತಿಗೆ 147 ಕಟ್ಟಡಗಳು ಬೆಂಕಿಗೆ ಸಿಕ್ಕಿದ್ದವು. ಅವುಗಳಲ್ಲಿ 120 ನೆಲಸಮ. ನಿಲ್ದಾಣದ ಉತ್ತರ ದಿಕ್ಕಿನಿಂದ ಸಮುದ್ರದವರೆಗೆ ಸುಮಾರು ಹತ್ತು ಎಕರೆ ಊರು ಬೂದಿಯಾಗಿತ್ತು. ಭೂಕಂಪದ ಜೊತೆ ಬಂದ ಬೆಂಕಿಗಳನ್ನು ಬಿಟ್ಟರೆ ಜಪಾನಿನಲ್ಲಿ ನಲವತ್ತು ವರ್ಷಗಳಲ್ಲಿ ಇಷ್ಟು ದೊಡ್ಡ ಪಟ್ಟಣದ ಬೆಂಕಿ ಬಿದ್ದಿರಲಿಲ್ಲ. 1976ರ ಅಕ್ಟೋಬರಿನಲ್ಲಿ ಸಕಾತಾ ಎಂಬ ಊರಿನಲ್ಲಿ ಸಿನಿಮಾ ಮಂದಿರವೊಂದರಿಂದ ಹೊರಟ ಕಿಡಿ 1,774 ಕಟ್ಟಡಗಳನ್ನು ನುಂಗಿದ ಮೇಲೆ ಇದೇ ಮೊದಲು.

ಆದರೆ ಇತೊಇಗಾವದ ಕಥೆಯಲ್ಲಿ ಬೆಂಕಿಗಿಂತ ಸ್ವಾರಸ್ಯವಾದದ್ದು ಬೆಂಕಿ ಆರಿದ ಮೇಲೆ ನಡೆದದ್ದು. ಅಂದು ಸರಕಾರದ ಮುಂದೆ ಬಂದು ನಿಂತದ್ದು ಮೇಲ್ನೋಟಕ್ಕೆ ಮಕ್ಕಳಾಟದಂಥ ಒಂದು ಪ್ರಶ್ನೆ: ಊರನ್ನು ಸುಟ್ಟದ್ದು ಬಾಣಲೆಯೋ, ಗಾಳಿಯೋ? ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ನೂರಾರು ಜನರ ಮುಂದಿನ ಬದುಕು ನಿಂತಿತ್ತು.

* * *

ಇತೊಇಗಾವ ನಿಗಾತಾ ಪ್ರಾಂತದ ಪಟ್ಟಣ. ಜನಸಂಖ್ಯೆ ಆಗ ಸುಮಾರು 44 ಸಾವಿರ. ಹಸಿರು ಜೇಡ್ ಶಿಲೆಗೆ ಹೆಸರಾದ ಊರು. 2015ರ ಮಾರ್ಚಿನಲ್ಲಿ ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಇಲ್ಲಿಗೆ ಬಂತು. ಹೊಸ ನಿಲ್ದಾಣ ಥಳಥಳಿಸುತ್ತಿತ್ತು. ಅದರ ಉತ್ತರಕ್ಕೆ ಮಾತ್ರ ಹಳೆಯ ಊರು ಹಾಗೆಯೇ ಉಳಿದಿತ್ತು. ಹಿಮ ಬಿದ್ದಾಗ ಜನ ನೆನೆಯದೆ ನಡೆದಾಡಲೆಂದು ಅಂಗಡಿಗಳ ಮುಂದೆ ಸಾಲಾಗಿ ಇಳಿಬಿಟ್ಟ ಮರದ ಸೂರು, ಗೋಡೆಗೆ ಗೋಡೆ ತಾಗಿಸಿಕೊಂಡ ಮರದ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಓಣಿಗಳು. 1650ರಲ್ಲಿ ಶುರುವಾದ ಅಕ್ಕಿಮದ್ಯದ ಭಟ್ಟಿಯೊಂದು ಅಲ್ಲಿತ್ತು. ತಲೆಮಾರುಗಳಿಂದ ನಡೆದುಬಂದ ಭೋಜನಗೃಹವಿತ್ತು. ಹೊಸದಾಗಿ ಮನೆ ಕಟ್ಟುವವರು ಬೆಂಕಿ ತಡೆಯುವ ಗೋಡೆ, ಕಿಟಕಿ ಇಡಬೇಕೆಂಬ ನಿಯಮ ಆ ಪ್ರದೇಶಕ್ಕೆ ಇತ್ತು. ಆದರೆ ನಿಯಮಕ್ಕಿಂತ ಮೊದಲೇ ಕಟ್ಟಿದ ಮನೆಗಳೇ ಅಲ್ಲಿ ಹೆಚ್ಚು.

ಊರಿನ ಬೆನ್ನಿಗೆ ಎತ್ತರದ ಬೆಟ್ಟಗಳು. ಅವುಗಳ ನಡುವೆ ಹಿಮೆಕಾವ ನದಿಯ ಕಣಿವೆ. ಜಪಾನ್ ಸಮುದ್ರದ ಮೇಲೆ ವಾಯುಭಾರ ಕುಸಿದಾಗ ದಕ್ಷಿಣದ ಗಾಳಿ ಬೆಟ್ಟ ಹತ್ತಿ, ತೇವ ಕಳೆದುಕೊಂಡು, ಒಣಗಿ, ಬೆಚ್ಚಗಾಗಿ ಈ ಕಣಿವೆಯಲ್ಲಿ ಕೊಳವೆಯೊಳಗೆ ನುಗ್ಗಿದಂತೆ ಇಳಿದು ಬರುತ್ತದೆ. ನೆಲದಿಂದ ಕಡಲಿನತ್ತ ಬೀಸಿ ದೋಣಿಗಳನ್ನು ಹೊರಗೆ ಕಳಿಸುವ ಈ ಗಾಳಿಗೆ ಸ್ಥಳೀಯರು ‘ದಾಶಿ’ ಎನ್ನುತ್ತಾರೆ. ಇತೊಇಗಾವದ ಹಿರಿಯರಿಗೆ ಈ ಗಾಳಿ ಹೊಸದಲ್ಲ. ಮಹಾಯುದ್ಧಕ್ಕೂ ಮುಂಚೆ ಆ ಊರು ಒಂದಕ್ಕಿಂತ ಹೆಚ್ಚು ಸಲ ಸುಟ್ಟಿದೆ, 1932ರಲ್ಲಂತೂ ನೂರಾರು ಮನೆಗಳು ಹೋಗಿದ್ದವು.

ಡಿಸೆಂಬರ್ 22ರಂದು ಬೀಸಿದ್ದು ಅದೇ ಗಾಳಿ. ಸೆಕೆಂಡಿಗೆ 27.2 ಮೀಟರ್ ವೇಗದ ಬೀಸು ದಾಖಲಾಯಿತು. ಗಂಟೆಗೆ ನೂರು ಕಿಲೋಮೀಟರಿಗೆ ಹತ್ತಿರ. ಬೆಂಕಿ ಮನೆಯಿಂದ ಮನೆಗೆ ನಡೆದು ಹೋಗಲಿಲ್ಲ, ಹಾರಿ ಹೋಯಿತು. ಕೆಂಡದ ಚೂರುಗಳು ನಡುವಿನ ಹತ್ತಾರು ಸೂರು ದಾಟಿ ದೂರದ ಮನೆಗಳ ಮೇಲೆ ಬಿದ್ದವು. ಹಳೆಯ ಹೆಂಚುಗಳ ಸಂದಿಯಲ್ಲಿ ತೂರಿ ಅಡಿಯ ಹಲಗೆಗೆ ಹತ್ತಿಕೊಂಡವು. ಮುಂದಿನ ಬೀದಿಯಲ್ಲಿ ಅಗ್ನಿಶಾಮಕರು ನೀರು ಬಿಡುತ್ತಿದ್ದರೆ, ಅವರ ಬೆನ್ನ ಹಿಂದಿನ ಬೀದಿಯಲ್ಲಿ ಹೊಗೆ ಏಳುತ್ತಿತ್ತು.

ಸಣ್ಣ ಊರಿನ ಅಗ್ನಿಶಾಮಕ ದಳ ಎಷ್ಟೆಂದು ಹೋರಾಡೀತು? ಸುತ್ತಮುತ್ತಲಿನ ಊರುಗಳಿಂದ ವಾಹನಗಳು ಬಂದವು. ನೀರಿನ ತೊಟ್ಟಿಗಳು ಬರಿದಾಗತೊಡಗಿದವು. ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ಗಾದೆ ಕನ್ನಡದ್ದು. ಇತೊಇಗಾವದಲ್ಲಿ ಬಾವಿ ತೋಡಲಿಲ್ಲ, ಕಾಂಕ್ರೀಟ್ ಕಲಸುವ ಲಾರಿಗಳ ಹೊಟ್ಟೆಗೆ ನೀರು ತುಂಬಿಸಿ ತಂದರು. ನೆರೆ ಬಂದಾಗ ನೀರು ಹೊರಹಾಕಲು ಇಟ್ಟುಕೊಂಡಿದ್ದ ಕೇಂದ್ರ ಸರಕಾರದ ದೊಡ್ಡ ಪಂಪುಗಳನ್ನು ತರಿಸಿ ಕಡಲ ನೀರನ್ನೇ ಮೇಲೆತ್ತಿದರು. ನಿಗಾತಾದ ಗವರ್ನರು ಆತ್ಮರಕ್ಷಣಾ ಪಡೆಯ ನೆರವು ಕೇಳಿದರು. 363 ಮನೆಗಳ 744 ಜನರಿಗೆ ಜಾಗ ಬಿಡುವಂತೆ ನಗರಸಭೆ ಸೂಚಿಸಿತು. ರಾತ್ರಿ ಒಂಬತ್ತರ ಸುಮಾರಿಗೆ ಬೆಂಕಿ ಹತೋಟಿಗೆ ಬಂತು.

ಹದಿನೇಳು ಜನ ಗಾಯಗೊಂಡರು. ಅವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ಬಂದವರೇ. ಸತ್ತವರು ಯಾರೂ ಇಲ್ಲ. ಹಗಲು ಹೊತ್ತಾಗಿದ್ದರಿಂದ, ನೆರೆಹೊರೆಯವರು ಪರಸ್ಪರ ಪರಿಚಿತರಾಗಿದ್ದರಿಂದ ಎಲ್ಲರೂ ಉಳಿದರು. ಉಟ್ಟ ಬಟ್ಟೆಯಲ್ಲಿ ಉಳಿದರು ಎಂಬುದೂ ಅಷ್ಟೇ ನಿಜ.

* * *

ಹೊಸ ವರ್ಷಕ್ಕೆ ಒಂಬತ್ತು ದಿನ. ಜಪಾನೀಯರಿಗೆ ಅದು ದೊಡ್ಡ ಹಬ್ಬ. ದೂರದೂರಿನ ಮಕ್ಕಳು ಮೊಮ್ಮಕ್ಕಳು ಹಿರಿಯರ ಮನೆಗೆ ಬರುವ ಕಾಲ. ಆ ಮನೆಯೇ ಇಲ್ಲವಾದವರು ಈಗ ಏನು ಮಾಡಬೇಕು? ಅವರ ಮುಂದೆ ಮೂರು ಬಾಗಿಲುಗಳಿದ್ದವು.

ಮೊದಲನೆಯದು, ಬೆಂಕಿ ಹಚ್ಚಿದವನಿಂದ ಪರಿಹಾರ ಪಡೆಯುವುದು. ಈ ಬಾಗಿಲಿಗೆ ಜಪಾನ್ ನೂರು ವರ್ಷಗಳ ಹಿಂದೆಯೇ ಬೀಗ ಹಾಕಿದೆ. 1899ರ ಒಂದು ಪುಟ್ಟ ಕಾಯಿದೆಯ ಪ್ರಕಾರ, ಆಕಸ್ಮಿಕವಾಗಿ ಬೆಂಕಿ ಬೀಳಿಸಿದವನು ಘೋರ ಅಜಾಗರೂಕತೆ ತೋರಿದ್ದರೆ ಮಾತ್ರ ನೆರೆಯವರ ನಷ್ಟ ತುಂಬಿಕೊಡಬೇಕು. ಸಾಮಾನ್ಯ ತಪ್ಪಾದರೆ ಇಲ್ಲ. ಕೇಳಿದವರಿಗೆ ಇದು ಅನ್ಯಾಯವೆನ್ನಿಸಬಹುದು. ಆದರೆ ಮರ ಮತ್ತು ಕಾಗದದಲ್ಲಿ ಮನೆ ಕಟ್ಟುವ ನಾಡಿನಲ್ಲಿ ಅದಕ್ಕೊಂದು ಅರ್ಥವಿದೆ. ‘ಬೆಂಕಿ ಮತ್ತು ಜಗಳ ಎದೋ ನಗರದ ಹೂವುಗಳು’ ಎಂಬುದು ಟೋಕಿಯೋದ ಹಳೆಯ ಗಾದೆ. ಒಬ್ಬನ ದೀಪ ಉರುಳಿದರೆ ಇಡೀ ಕೇರಿ ಸುಡುವ ಊರಿನಲ್ಲಿ ಅಷ್ಟರ ನಷ್ಟವನ್ನು ಆ ಒಬ್ಬ ಹೇಗೆ ಕಟ್ಟಿಕೊಟ್ಟಾನು? ಅವನ ಮನೆಯೂ ಸುಟ್ಟಿರುತ್ತದೆ. ಇಂದು ಅವನ ಸರದಿ, ನಾಳೆ ಇನ್ನೊಬ್ಬರದು ಎಂಬ ತಿಳಿವಳಿಕೆಯಲ್ಲಿ ಹುಟ್ಟಿದ ಕಾಯಿದೆ ಅದು.

ಹೋಟೆಲು ಮಾಲೀಕನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಿತು. 2017ರ ನವೆಂಬರಿನಲ್ಲಿ ಕೋರ್ಟು 3 ವರ್ಷದ ಸೆರೆ ವಿಧಿಸಿ, ಅದನ್ನು 5 ವರ್ಷಗಳ ಕಾಲ ಅಮಾನತಿನಲ್ಲಿಟ್ಟಿತು. ಎಪ್ಪತ್ತು ದಾಟಿದ ಮುದುಕ. ಅವರನ್ನು ಜೈಲಿಗೆ ಹಾಕಿದ್ದರೂ ಯಾರ ಮನೆಯೂ ಎದ್ದು ನಿಲ್ಲುತ್ತಿರಲಿಲ್ಲ.

ಎರಡನೆಯ ಬಾಗಿಲು ವಿಮೆ. ಮಾಡಿಸಿದವರಿಗೆ ಅದು ತೆರೆಯಿತು. ಆದರೆ ವಯಸ್ಸಾದವರು, ಹಳೆಯ ಮನೆಯವರು, ಸಣ್ಣ ಬಾಡಿಗೆದಾರರು ಇಂಥ ಕಡೆ ಹೇಗಿರುತ್ತಾರೆಂಬುದು ಎಲ್ಲ ದೇಶಗಳಲ್ಲೂ ಒಂದೇ: ಕೆಲವರದು ಕಂತು ತಪ್ಪಿರುತ್ತದೆ, ಕೆಲವರ ಮೊತ್ತ ಇಂದಿನ ಬೆಲೆಗೆ ಸಾಲದು, ಕೆಲವರು ಮಾಡಿಸಿಯೇ ಇರುವುದಿಲ್ಲ.

ಉಳಿದದ್ದು ಮೂರನೆಯ ಬಾಗಿಲು, ಸರಕಾರ. ಬೆಂಕಿ ಬಿದ್ದ ದಿನವೇ ಪ್ರಾಂತದ ಆಡಳಿತ ವಿಪತ್ತು ಪರಿಹಾರ ಕಾಯಿದೆಯನ್ನು ಜಾರಿಗೊಳಿಸಿತು. ಅದರಿಂದ ಆಶ್ರಯ, ಊಟ, ಹೊದಿಕೆ, ತಾತ್ಕಾಲಿಕ ವಸತಿ ದೊರೆಯಿತು. ಆದರೆ ಅದು ಕೆಲವು ದಿನ, ಕೆಲವು ತಿಂಗಳುಗಳ ಮಾತು. ಮತ್ತೆ ಮನೆ ಕಟ್ಟಿಕೊಳ್ಳಲು ಕೈಗೆ ಹಣ ಬೇಕಾದರೆ ಬೇರೆ ಕಾಯಿದೆ ಇದೆ. ಕಗ್ಗಂಟು ಇದ್ದದ್ದು ಅಲ್ಲಿ.

* * *

ಆ ಕಾಯಿದೆಗೂ ಒಂದು ಕಥೆಯುಂಟು. 1995ರ ಜನವರಿಯಲ್ಲಿ ಕೋಬೆ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಜನ ಮನೆ ಕಳೆದುಕೊಂಡರು. ಆಗ ಟೋಕಿಯೋದ ಅಧಿಕಾರಿಗಳು ಹೇಳಿದ ಮಾತು ಒಂದೇ: ರಸ್ತೆ, ಸೇತುವೆ, ಬಂದರು ಸರಕಾರ ಕಟ್ಟಿಕೊಡುತ್ತದೆ, ಖಾಸಗಿ ಮನೆ ಖಾಸಗಿ ಆಸ್ತಿ, ಅದಕ್ಕೆ ತೆರಿಗೆದಾರರ ಹಣ ಕೊಡಲಾಗದು. ಇದರ ವಿರುದ್ಧ ನಾಗರಿಕರ ದೊಡ್ಡ ಚಳವಳಿಯೇ ನಡೆಯಿತು. ಕಾದಂಬರಿಕಾರ ಓದಾ ಮಕೊತೊ ಅದರ ಮುಂದಾಳುಗಳಲ್ಲಿ ಒಬ್ಬರು. ಮೂರು ವರ್ಷಗಳ ಹಗ್ಗಜಗ್ಗಾಟದ ನಂತರ 1998ರಲ್ಲಿ ವಿಪತ್ತಿಗೀಡಾದವರ ಬದುಕನ್ನು ಮತ್ತೆ ಕಟ್ಟಲು ನೆರವಾಗುವ ಕಾಯಿದೆ ಬಂತು. ಮೊದಲು ಗರಿಷ್ಠ 10 ಲಕ್ಷ ಯೆನ್, ಅದೂ ನೂರೆಂಟು ಷರತ್ತುಗಳ ಜೊತೆ. 2004ರಲ್ಲಿ ಮೊತ್ತ 30 ಲಕ್ಷ ಯೆನ್‌ಗೆ ಏರಿತು. 2007ರ ತಿದ್ದುಪಡಿ ಆದಾಯದ ಮಿತಿಯನ್ನೂ, ಯಾವುದಕ್ಕೆ ಖರ್ಚು ಮಾಡಬೇಕೆಂಬ ಕಟ್ಟಳೆಯನ್ನೂ ತೆಗೆದುಹಾಕಿತು. ಮನೆ ಪೂರ್ತಿ ಹೋದವರಿಗೆ 10 ಲಕ್ಷ, ಹೊಸ ಮನೆ ಕಟ್ಟಿದರೆ ಅಥವಾ ಕೊಂಡರೆ ಮತ್ತೆ 20 ಲಕ್ಷ. 2016ರ ಕೊನೆಯ ವಿನಿಮಯ ದರದಲ್ಲಿ ಒಟ್ಟು ಸುಮಾರು 17 ಲಕ್ಷ ರೂಪಾಯಿ.

ಆದರೆ ಈ ಹಣ ‘ನೈಸರ್ಗಿಕ ವಿಪತ್ತಿಗೆ’ ಮಾತ್ರ. ಕಾಯಿದೆಯಲ್ಲಿ ಪಟ್ಟಿಯೇ ಇದೆ: ಬಿರುಗಾಳಿ, ಭಾರಿ ಮಳೆ, ಭಾರಿ ಹಿಮ, ಪ್ರವಾಹ, ಕಡಲುಕ್ಕು, ಭೂಕಂಪ, ಸುನಾಮಿ, ಜ್ವಾಲಾಮುಖಿ ಮತ್ತು ಇತರ ಅಸಹಜ ನೈಸರ್ಗಿಕ ವಿದ್ಯಮಾನ. ಆ ಪಟ್ಟಿಯಲ್ಲಿ ಬೆಂಕಿ ಇಲ್ಲ. ಬೆಂಕಿ ಮನುಷ್ಯನ ಕೈಯಿಂದ ಬೀಳುತ್ತದೆ. ಅದಕ್ಕೆ ವಿಮೆ ಇದೆ ಎಂಬುದು ಕಾಯಿದೆ ಮಾಡಿದವರ ತರ್ಕ. ಹಾಗಾದರೆ ಇತೊಇಗಾವದವರಿಗೆ ಏನೂ ಇಲ್ಲವೇ?

ತರ್ಕದಲ್ಲಿ ಒಂದು ಸಂದಿಯಿತ್ತು. ಕೋಬೆಯಲ್ಲಿ ಸಾವಿರಾರು ಮನೆಗಳು ಹೋದದ್ದು ನೆಲ ನಡುಗಿ ಅಲ್ಲ, ನಡುಗಿದ ಮೇಲೆ ಎದ್ದ ಬೆಂಕಿಯಿಂದ. ಅಂಥ ಬೆಂಕಿಯನ್ನು ಭೂಕಂಪದ ಲೆಕ್ಕಕ್ಕೇ ಹಾಕಲಾಗುತ್ತದೆ. ಅಂದರೆ ಬೆಂಕಿ ಎಂಬ ಕಾರಣಕ್ಕೇ ಕಾಯಿದೆ ಯಾರನ್ನೂ ಹೊರಗಿಟ್ಟಿಲ್ಲ. ಬೆಂಕಿಯ ಬೆನ್ನ ಹಿಂದೆ ನಿಸರ್ಗ ಇತ್ತೇ ಎಂದಷ್ಟೇ ಅದು ಕೇಳುತ್ತದೆ. ಗಾಳಿಯಿಲ್ಲದ ದಿನವಾಗಿದ್ದರೆ ಆ ಬಾಣಲೆ ಒಂದು ಅಡುಗೆಮನೆಯನ್ನೋ, ಒಂದೆರಡು ಮನೆಗಳನ್ನೋ ಸುಡುತ್ತಿತ್ತು. ಉಳಿದ ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟದ್ದು ದಾಶಿ ಗಾಳಿ. ಹಾಗಾದರೆ ಇದನ್ನು ಬಿರುಗಾಳಿಯ ವಿಪತ್ತು ಎನ್ನಬಾರದೇಕೆ?

ಡಿಸೆಂಬರ್ 30ರಂದು, ಸರಕಾರಿ ಕಚೇರಿಗಳು ಹೊಸ ವರ್ಷಕ್ಕೆಂದು ಬಾಗಿಲು ಹಾಕಿದ್ದ ಹೊತ್ತಿನಲ್ಲಿ, ತೀರ್ಮಾನ ಹೊರಬಿತ್ತು. ಬಲವಾದ ಗಾಳಿಯಿಂದ ಹರಡಿದ ಕಾರಣ ಇತೊಇಗಾವದ ನಷ್ಟ ನೈಸರ್ಗಿಕ ವಿಪತ್ತು. ಅದಕ್ಕೆ 1998ರ ಕಾಯಿದೆ ಅನ್ವಯಿಸುತ್ತದೆ. ಭೂಕಂಪದ ನಂಟಿಲ್ಲದ ಪಟ್ಟಣದ ಬೆಂಕಿಗೆ ಈ ಕಾಯಿದೆ ಅನ್ವಯಿಸಿದ್ದು ಅದೇ ಮೊದಲು. ಬೆಂಕಿ ಬಿದ್ದು ಎಂಟು ದಿನವಾಗಿತ್ತು. ಯಾವ ಹೊಸ ಶಾಸನವೂ ಬೇಕಾಗಲಿಲ್ಲ. ಇದ್ದ ಪದಗಳನ್ನೇ ಇನ್ನೊಮ್ಮೆ ಓದಿದರು, ಅಷ್ಟೆ.

* * *

ಇಲ್ಲಿಗೆ ಕಥೆ ಸುಖಾಂತವಾಯಿತೆನ್ನುವ ಹಾಗಿಲ್ಲ. ಈ ಓದಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು.

ಗಾಳಿಯಿಲ್ಲದ ಒಂದು ರಾತ್ರಿ, ಬೇರಾವುದೋ ಊರಿನಲ್ಲಿ, ನೆರೆಮನೆಯ ತಪ್ಪಿನಿಂದ ಒಬ್ಬ ವಿಧವೆಯ ಮನೆ ಸುಟ್ಟಿತೆನ್ನಿ. ಅವಳ ನಷ್ಟ ಇತೊಇಗಾವದವರ ನಷ್ಟಕ್ಕಿಂತ ಎಳ್ಳಷ್ಟೂ ಕಡಿಮೆಯಲ್ಲ. ಆದರೆ ಅವಳಿಗೆ ಈ ಕಾಯಿದೆಯಿಂದ ಒಂದು ಯೆನ್ನೂ ಇಲ್ಲ. ಗಾಳಿ ಇರಲಿಲ್ಲ ಎಂಬುದೊಂದು ಕಾರಣ. ಸುಟ್ಟದ್ದು ಒಂದೇ ಮನೆ ಎಂಬುದು ಇನ್ನೊಂದು ಕಾರಣ. ಒಂದು ಊರಿನಲ್ಲಿ ಹತ್ತು ಮನೆಗಳಾದರೂ ಪೂರ್ತಿ ನಾಶವಾಗಬೇಕೆಂಬುದು ಕಾಯಿದೆಯ ಮುಖ್ಯ ಮಾನದಂಡಗಳಲ್ಲಿ ಒಂದು. ಒಂಟಿಯಾಗಿ ಕಷ್ಟಕ್ಕೆ ಸಿಕ್ಕಿದವನು ತನ್ನ ಕಷ್ಟ ತಾನೇ ನೋಡಿಕೊಳ್ಳಬೇಕು, ಊರೇ ಸಿಕ್ಕಿದರೆ ಸರಕಾರ ಬರುತ್ತದೆ ಎಂಬುದು ಇದರ ತಾತ್ಪರ್ಯ. ಎಲ್ಲೋ ಒಂದು ಕಡೆ ಗೆರೆ ಎಳೆಯದೆ ಯಾವ ಖಜಾನೆಯೂ ನಡೆಯದು. ಆದರೆ ಗೆರೆಯ ಆಚೆ ನಿಂತವರಿಗೆ ಅದು ಗೆರೆಯಲ್ಲ, ಗೋಡೆ.

ಭಾರತದ ಕಾಯಿದೆ ಈ ವಿಷಯದಲ್ಲಿ ಜಪಾನಿಗಿಂತ ಉದಾರ ಎಂದರೆ ಆಶ್ಚರ್ಯವಾಗಬಹುದು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ವ್ಯಾಖ್ಯೆಯಲ್ಲಿ ನಿಸರ್ಗದ ಜೊತೆಗೆ ಮನುಷ್ಯನಿಂದಾದದ್ದು, ಅಪಘಾತ, ಅಜಾಗರೂಕತೆ ಎಲ್ಲವೂ ಸೇರಿವೆ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಹಣ ಕೊಡಬಹುದಾದ ವಿಪತ್ತುಗಳ ಪಟ್ಟಿಯಲ್ಲಿ ಬರ, ನೆರೆ, ಚಂಡಮಾರುತಗಳ ಸಾಲಿನಲ್ಲಿಯೇ ‘ಬೆಂಕಿ’ ಎಂಬ ಪದವಿದೆ. ಗಾಳಿಯೋ ಬಾಣಲೆಯೋ ಎಂಬ ಚರ್ಚೆ ಇಲ್ಲಿ ಬೇಕಾಗಿಲ್ಲ. ಆದರೆ 2022ರಲ್ಲಿ ಪರಿಷ್ಕರಿಸಿದ ದರಪಟ್ಟಿ ನೋಡಿದರೆ, ಬಯಲು ಸೀಮೆಯಲ್ಲಿ ಮನೆ ಪೂರ್ತಿ ನಾಶವಾದರೆ 1.2 ಲಕ್ಷ ರೂಪಾಯಿ. ಗುಡಿಸಲಾದರೆ 8 ಸಾವಿರ. ಮನೆ ಅಧಿಕೃತ ಕಟ್ಟಡವೆಂದು ಅಧಿಕಾರಿ ಪ್ರಮಾಣೀಕರಿಸಬೇಕು. ಮಹಾನಗರಗಳ ರೈಲು ಹಳಿಗಳ ಪಕ್ಕದಲ್ಲಿ ತಗಡು, ಪ್ಲಾಸ್ಟಿಕ್ ಹೊದಿಸಿಕೊಂಡು ಬದುಕುವವರಿಗೆ ಆ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಜಪಾನಿನಲ್ಲಿ ಪದ ಇರಲಿಲ್ಲ, ಹಣವಿತ್ತು. ಇಲ್ಲಿ ಪದ ಇದೆ.

* * *

ಹಣದ ಜೊತೆಗೆ ಸರಕಾರ ಇನ್ನೂ ಕೆಲವು ಕೆಲಸ ಮಾಡಿತು. ಕೇಂದ್ರದ ಅಗ್ನಿಶಾಮಕ ಇಲಾಖೆ ತಜ್ಞರ ಸಮಿತಿ ಕೂಡಿಸಿತು. ಮರದ ಮನೆಗಳು ಒತ್ತೊತ್ತಾಗಿರುವ ಕೇರಿಗಳನ್ನು ಮೊದಲೇ ಗುರುತಿಸಿ, ಬಲವಾದ ಗಾಳಿಯಿರುವಾಗ ಅಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಯೋಜನೆ ಸಿದ್ಧವಿರಬೇಕು, ನೆರೆಯೂರಿನ ನೆರವನ್ನು ಕೈಮೀರುವ ಮುನ್ನವೇ ಕೇಳಬೇಕು ಎಂದು ದೇಶದ ಅಗ್ನಿಶಾಮಕ ಠಾಣೆಗಳಿಗೆ ತಿಳಿಸಲಾಯಿತು. ಒಂದು ಮನೆಯಲ್ಲಿ ಹೊಗೆ ಎದ್ದರೆ ಅಕ್ಕಪಕ್ಕದ ಮನೆಗಳಲ್ಲೂ ಒಟ್ಟಿಗೆ ಕೂಗುವ ಎಚ್ಚರಿಕೆ ಗಂಟೆಯ ಪ್ರಯೋಗ ನಡೆಯಿತು.

ಅತಿ ಸಣ್ಣದೆನ್ನಿಸುವ ಬದಲಾವಣೆಯೇ ಬಹುಶಃ ಅತಿ ಮುಖ್ಯವಾದದ್ದು. ಅದುವರೆಗೆ 150 ಚದರ ಮೀಟರಿಗಿಂತ ಚಿಕ್ಕದಾದ ಹೋಟೆಲುಗಳು ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳುವುದು ರಾಷ್ಟ್ರೀಯ ನಿಯಮದ ಪ್ರಕಾರ ಕಡ್ಡಾಯವಾಗಿರಲಿಲ್ಲ. 2019ರ ಅಕ್ಟೋಬರ್ 1ರಿಂದ, ಒಲೆ ಬಳಸುವ ಹೋಟೆಲು ಎಷ್ಟೇ ಚಿಕ್ಕದಿರಲಿ, ಸಿಲಿಂಡರ್ ಇಡಲೇಬೇಕಾಯಿತು. ಒಲೆಯ ಉರಿ ಅತಿಯಾದಾಗ ತಾನಾಗಿ ಆರಿಸುವಂಥ ಸುರಕ್ಷಾ ಸಾಧನ ಇದ್ದವರಿಗೆ ಮಾತ್ರ ವಿನಾಯಿತಿ. ದೇಶದ ಮೂಲೆಮೂಲೆಯ ಸಣ್ಣ ಅಂಗಡಿಗಳ ಗೋಡೆಯ ಮೇಲೆ ಕೆಂಪು ಸಿಲಿಂಡರ್ ತೂಗುವಂತಾಗಲು ಒಂದು ಊರು ಸುಡಬೇಕಾಯಿತು. ನಿಯಮಗಳು ಎಲ್ಲ ಕಡೆ ಹುಟ್ಟುವುದು ಹೀಗೆಯೇ.

ಇತೊಇಗಾವ ಮತ್ತೆ ಎದ್ದಿತು. 2017ರ ಆಗಸ್ಟಿನಲ್ಲಿ ನಗರಸಭೆ ಪುನರ್ನಿರ್ಮಾಣದ ಯೋಜನೆ ಪ್ರಕಟಿಸಿತು. ಓಣಿಗಳು ಅಗಲವಾದವು. ಬೆಂಕಿ ಆರಿಸಲು ನೆಲದಡಿಯ ದೊಡ್ಡ ನೀರಿನ ತೊಟ್ಟಿ ಬಂತು. ಸ್ವಂತ ಮನೆ ಮತ್ತೆ ಕಟ್ಟಲಾಗದ ಹಿರಿಯರಿಗಾಗಿ ನಗರಸಭೆಯೇ ಮನೆಗಳನ್ನು ಕಟ್ಟಿಸಿತು. 1650ರ ಭಟ್ಟಿ 2018ರಲ್ಲಿ ಮತ್ತೆ ಅಕ್ಕಿ ಬೇಯಿಸಿತು. 2020ರಲ್ಲಿ ಜನ ಕೂಡಲು, ಅಡುಗೆ ಮಾಡಲು, ಕಲಿಯಲು ‘ಕಿತಾರೆ’ ಎಂಬ ಸಮುದಾಯ ಭವನ ತೆರೆಯಿತು. ಎಲ್ಲರೂ ಹಿಂದಿರುಗಲಿಲ್ಲ. ವಯಸ್ಸಾದ ಮೇಲೆ ಮನೆ ಕಟ್ಟುವ ಉಮೇದು ಎಲ್ಲರಿಗೂ ಉಳಿದಿರುವುದಿಲ್ಲ. ಮಕ್ಕಳಿರುವ ಊರಿಗೆ ಹೋದವರು ಅಲ್ಲಿಯೇ ನಿಂತರು. ಕೆಲವು ನಿವೇಶನಗಳು ಖಾಲಿಯಾಗಿಯೇ ಉಳಿದವು. ಮೂವತ್ತು ಲಕ್ಷ ಯೆನ್ ಒಂದು ಮನೆಗೆ ಎಂದೂ ಸಾಲದು. ಅದು ಮತ್ತೆ ಶುರುಮಾಡಬಹುದೆಂಬ ಧೈರ್ಯಕ್ಕೆ ಕೊಟ್ಟ ಮುಂಗಡ.

ಸುಟ್ಟ ಪ್ರದೇಶದ ನಡುವೆ ಒಂದು ಮನೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ನಿಂತಿತ್ತು. ಸುತ್ತ ಬೂದಿ, ನಡುವೆ ಮನೆ. ಆ ಚಿತ್ರ ಆಗ ಜಪಾನಿನ ಪತ್ರಿಕೆಗಳಲ್ಲೆಲ್ಲ ಬಂತು. ಜನ ಅದನ್ನು ಪವಾಡದ ಮನೆ ಎಂದರು. ಅದರಲ್ಲಿ ಪವಾಡವೇನೂ ಇರಲಿಲ್ಲ. ಬೆಂಕಿ ತಡೆಯುವ ಸಾಮಗ್ರಿಯಿಂದ ಅದನ್ನು ಕಟ್ಟಲಾಗಿತ್ತು. ದಾಶಿ ಗಾಳಿ ಮುಂದೆಯೂ ಬೀಸುತ್ತದೆ, ಯಾರಾದರೊಬ್ಬರು ಒಲೆ ಆರಿಸುವುದನ್ನು ಮುಂದೆಯೂ ಮರೆಯುತ್ತಾರೆ. ಆ ಎರಡರ ನಡುವೆ ಎಂಥ ಗೋಡೆ, ಎಂಥ ಸೂರು, ಎಷ್ಟು ನೀರು ಇಡಬೇಕೆಂಬುದಷ್ಟೇ ಊರಿನವರ, ಸರಕಾರದವರ ಕೈಯಲ್ಲಿರುವ ಮಾತು.